ಪಲ್ಲವಿ ಕೇಳಿದ ಅಮೆರಿಕ, ಚರಣ ಕೇಳದ ಅಮೆರಿಕ

ಹ್ಯಾಮಂಟನ್ ದಕ್ಷಿಣ ನ್ಯೂ ಜೆರ್ಸಿಯ ಒಂದು ಸಣ್ಣ ಊರು, ಬ್ಲೂಬೆರಿ ಬೆಳೆಗೆ ಹೆಸರಾದದ್ದು. 1984ರ ಸೆಪ್ಟೆಂಬರ್ 19ರಂದು ಎರಡನೆಯ ಅವಧಿಗೆ ಮತ ಕೇಳುತ್ತಾ ಅಲ್ಲಿಗೆ ಬಂದ ಅಧ್ಯಕ್ಷ ರೊನಾಲ್ಡ್ ರೇಗನ್, ಅಮೆರಿಕದ ಭವಿಷ್ಯ ನಿಮ್ಮ ಎದೆಯೊಳಗಿನ ಸಾವಿರ ಕನಸುಗಳಲ್ಲಿದೆ ಎಂದರು. ನ್ಯೂ ಜೆರ್ಸಿಯವರೇ ಆದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಹಾಡುಗಳು ಕೊಡುವ ಭರವಸೆಯಲ್ಲಿಯೂ ಆ ಭವಿಷ್ಯ ಇದೆ ಎಂದರು. ಆ ವರ್ಷದ ಜೂನ್‌ನಲ್ಲಿ ಬಂದಿದ್ದ ಸ್ಪ್ರಿಂಗ್‌ಸ್ಟೀನ್ ಅವರ ಆಲ್ಬಂನ ಹೆಸರು 'ಬಾರ್ನ್ ಇನ್ ದಿ ಯು.ಎಸ್.ಎ.'. ಮುಷ್ಟಿ ಎತ್ತಿ ಕೂಗುವಂತಹ ಪಲ್ಲವಿ, ಎದೆಗೆ ಗುದ್ದುವ ಡ್ರಮ್. ಚುನಾವಣೆಯ ವರ್ಷದಲ್ಲಿ ಒಬ್ಬ ಅಧ್ಯಕ್ಷನಿಗೆ ಇದಕ್ಕಿಂತ ಒಳ್ಳೆಯ ಹಾಡು ಎಲ್ಲಿ ಸಿಕ್ಕೀತು ಎಂದು ಯಾರಿಗಾದರೂ ಅನ್ನಿಸುತ್ತದೆ.

ಅನ್ನಿಸುವುದು ಚರಣಗಳನ್ನು ಕೇಳುವವರೆಗೆ ಮಾತ್ರ. ಏಟು ತಿನ್ನುತ್ತಲೇ ಬೆಳೆದ ಹುಡುಗನೊಬ್ಬ ಊರಿನಲ್ಲಿ ಏನೋ ತಂಟೆ ಮಾಡಿಕೊಳ್ಳುತ್ತಾನೆ. ಅವನ ಕೈಗೆ ಬಂದೂಕು ಕೊಟ್ಟು ವಿಯೆಟ್ನಾಂಗೆ ಕಳಿಸುತ್ತಾರೆ. ಹಿಂತಿರುಗಿದರೆ ರಿಫೈನರಿಯಲ್ಲಿ ಕೆಲಸವಿಲ್ಲ. ಮಾಜಿ ಸೈನಿಕರ ಕಚೇರಿಯವನೂ ಕೈಚೆಲ್ಲುತ್ತಾನೆ. ವಿಯೆಟ್ನಾಮಿನ ಖೆ ಸಾನ್ ಕಾಳಗದಲ್ಲಿ ಹೋರಾಡಿದ ಸೋದರ ಬದುಕಿಲ್ಲ. ಜೈಲಿನ ಗೋಡೆಯ ನೆರಳಿನಲ್ಲಿ, ರಿಫೈನರಿಯ ಬೆಂಕಿಯ ಪಕ್ಕದಲ್ಲಿ, ಹೋಗಲು ದಾರಿಯಿಲ್ಲದೆ ನಿಂತ ಮನುಷ್ಯ 'ನಾನು ಈ ದೇಶದಲ್ಲಿ ಹುಟ್ಟಿದವನು' ಎಂದು ಕೂಗುತ್ತಾನೆ. ಹಾಗೆ ಕೇಳಿದಾಗ ಪಲ್ಲವಿಯ ಬಣ್ಣವೇ ಬದಲಾಗುತ್ತದೆ. ಹೆಮ್ಮೆಯೂ ಅದೇ, ಆಕ್ಷೇಪಣೆಯೂ ಅದೇ.

ಅಮೆರಿಕದಲ್ಲಿ ಜನಪ್ರಿಯ ಸಂಸ್ಕೃತಿ ಮತ್ತು ರಾಜಕೀಯದ ನಡುವೆ ನಡೆಯುವ ಜಗಳಗಳನ್ನು ನಾನು ಬಹಳ ಆಸಕ್ತಿಯಿಂದ ಗಮನಿಸುತ್ತಾ ಬಂದಿದ್ದೇನೆ. ಯಾವ ನಟ ಯಾರ ಪರ, ಯಾವ ಧಾರಾವಾಹಿ ಯಾರನ್ನು ಕೆಣಕಿತು, ಯಾವ ಹಾಡನ್ನು ಯಾವ ಪ್ರಚಾರ ಸಭೆಯಲ್ಲಿ ಹಾಕಿದರು ಎಂಬುದೇ ಇಲ್ಲಿ ವಾರಗಟ್ಟಲೆ ಚರ್ಚೆಯ ವಸ್ತು. ಇದನ್ನು ಹಗುರವಾದ ವಿಷಯವೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂವತ್ಮೂರು ಕೋಟಿಗೂ ಮೀರಿದ ಜನ ತಮ್ಮ ದೇಶ ಏನು, ಅದರಲ್ಲಿ ಯಾರಿಗೆ ಜಾಗವಿದೆ ಎಂದು ಮಾತನಾಡಿಕೊಳ್ಳುವುದು ಬಹುಮಟ್ಟಿಗೆ ಹಾಡು, ಸಿನಿಮಾ, ಟಿ.ವಿ.ಗಳ ನೆಪದಲ್ಲಿಯೇ. ನನ್ನ ತಕರಾರು ಜಗಳದ ಬಗ್ಗೆ ಅಲ್ಲ. ಜಗಳವಾಡುವ ಎರಡೂ ಕಡೆಯವರು ಪಲ್ಲವಿಯನ್ನಷ್ಟೇ ಕೇಳಿಸಿಕೊಂಡು ಕಣಕ್ಕೆ ಇಳಿಯುತ್ತಾರೆ ಎಂಬುದರ ಬಗ್ಗೆ.

ರೇಗನ್ ಅವರಿಗೆ ಈ ಹಾಡುಗಾರನ ಹೆಸರು ತಲುಪುವ ಮೊದಲು ಅಂಕಣಕಾರ ಜಾರ್ಜ್ ವಿಲ್ ಸ್ಪ್ರಿಂಗ್‌ಸ್ಟೀನ್ ಅವರ ಕಾರ್ಯಕ್ರಮವೊಂದಕ್ಕೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಹೋಗಿ ಬಂದು ಮೆಚ್ಚಿ ಬರೆದಿದ್ದರು. ಆ ಅಂಕಣವನ್ನು ಅಣಕಿಸುವುದು ಎಡಪಂಥೀಯರಿಗೆ ರೂಢಿಯಾಗಿದೆ. ಆದರೆ ವಿಲ್ ಚರಣಗಳಿಗೆ ಪೂರ್ತಿ ಕಿವುಡಾಗಿರಲಿಲ್ಲ. ಮುಚ್ಚಿದ ಕಾರ್ಖಾನೆಗಳ ಪ್ರಸ್ತಾಪ ಅವರ ಬರಹದಲ್ಲಿದೆ. ಆ ಕಷ್ಟಗಳ ಪಟ್ಟಿಗೆಲ್ಲ ಪಲ್ಲವಿಯ ಉತ್ಸಾಹವೇ ಉತ್ತರ ಎಂದು ಅವರು ತೀರ್ಮಾನಿಸಿದರು. ನನಗೆ ಅದು ತಪ್ಪು ಓದು ಎನ್ನಿಸುತ್ತದೆ, ಆದರೆ ಓದು ಹೌದು. ಡೆಮಾಕ್ರಾಟ್ ಅಭ್ಯರ್ಥಿ ವಾಲ್ಟರ್ ಮಾಂಡೇಲ್ ಅವರ ಕಡೆಯವರಂತೂ ಗಾಯಕನ ಬೆಂಬಲ ತಮಗೇ ಇದೆ ಎಂದು ಹೇಳಿ, ಆಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು.

ಸ್ಪ್ರಿಂಗ್‌ಸ್ಟೀನ್ ಉತ್ತರಿಸಿದ್ದು ಕೆಲವೇ ದಿನಗಳ ನಂತರ, ಪಿಟ್ಸ್‌ಬರ್ಗ್‌ನ ವೇದಿಕೆಯಲ್ಲಿ. ಅಧ್ಯಕ್ಷರಿಗೆ ನನ್ನ ಯಾವ ಆಲ್ಬಂ ಇಷ್ಟವೋ ತಿಳಿಯದು, 'ನೆಬ್ರಾಸ್ಕಾ' ಅಂತೂ ಆಗಿರಲಾರದು ಎಂಬ ಅರ್ಥದ ಮಾತು ಹೇಳಿ ಅದೇ ಆಲ್ಬಂನ 'ಜಾನಿ 99' ಹಾಡಿದರು. ನ್ಯೂ ಜೆರ್ಸಿಯ ಮಾವಾದಲ್ಲಿ ಕಾರು ಕಾರ್ಖಾನೆ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡು, ಕುಡಿದ ಅಮಲಿನಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದು ನ್ಯಾಯಾಧೀಶರ ಮುಂದೆ ನಿಂತವನ ಕಥೆ ಅದು. ಮಾವಾದ ಫೋರ್ಡ್ ಕಾರ್ಖಾನೆ 1980ರಲ್ಲಿ ನಿಜವಾಗಿಯೂ ಮುಚ್ಚಿತ್ತು. 1984ರ ನವೆಂಬರ್‌ನಲ್ಲಿ ರೇಗನ್ 50 ರಾಜ್ಯಗಳಲ್ಲಿ 49ನ್ನು ಗೆದ್ದರು. ನ್ಯೂ ಜೆರ್ಸಿಯೂ ಅದರಲ್ಲಿತ್ತು.

2025ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಅದೇ ಗಾಯಕರು ಟ್ರಂಪ್ ಆಡಳಿತವನ್ನು ವೇದಿಕೆಯಿಂದಲೇ ಕಟುವಾಗಿ ಟೀಕಿಸಿದರು. ಟ್ರಂಪ್ ಅಷ್ಟೇ ಕಟುವಾಗಿ, ಅವರ ಮುಖದ ಸುಕ್ಕನ್ನೂ ಬಿಡದೆ, ಮರುನುಡಿದರು. ಗಾಯಕ ಹಾಡಿಕೊಂಡಿರಲಿ, ರಾಜಕೀಯ ಏಕೆ ಎಂಬ ಹಳೆಯ ಮಾತು ಮತ್ತೆ ಎದ್ದಿತು. ನಲವತ್ತು ವರ್ಷ ಈ ಹಾಡುಗಳಿಗೆ ದನಿಗೂಡಿಸಿದವರಿಗೆ ಅವರು ಈಗ ಇದ್ದಕ್ಕಿದ್ದಂತೆ ರಾಜಕಾರಣಿಯಾದಂತೆ ಕಾಣಿಸಿದರೆ ಆಶ್ಚರ್ಯವೇ ಸರಿ. ಮಾವಾದ ಕಾರ್ಖಾನೆ 'ಜಾನಿ 99' ಹಾಡಿನ ಮೊದಲ ಸಾಲಿನಲ್ಲೇ ಬರುತ್ತದೆ.

ಆದರೂ ಪಲ್ಲವಿಯನ್ನಷ್ಟೇ ಕೇಳಿದವರನ್ನು ಹೀಗಳೆಯಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಕಾರಣ ನಮ್ಮವರೇ ಆದ ಒಬ್ಬ ಹಿರಿಯರು. ಎಂಬತ್ತರ ದಶಕದಲ್ಲಿ ದಾವಣಗೆರೆಯ ಕಡೆಯಿಂದ ಬಂದು ನ್ಯೂ ಜೆರ್ಸಿಯಲ್ಲಿ ನೆಲೆಸಿದ ಎಂಜಿನಿಯರ್, ರೇಗನ್ ಅವರ ಅಭಿಮಾನಿ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರಂದು ಇಲ್ಲಿನ ಕನ್ನಡ ಕುಟುಂಬಗಳು ಪಾರ್ಕಿನಲ್ಲಿ ಸೇರಿದಾಗ ಈ ಹಾಡು ಕೇಳಿಬಂದರೆ ಅವರ ಕಾಲು ತಾಳ ಹಾಕುತ್ತದೆ. ಒಮ್ಮೆ ನಾನು ಚರಣಗಳ ಕಥೆ ಹೇಳಿದಾಗ ಅವರು ಅಲ್ಲಗಳೆಯಲಿಲ್ಲ. "ಗೊತ್ತಪ್ಪ, ಓದಿದ್ದೇನೆ. ನಾನು ಬಂದ ವರ್ಷ ರೇಡಿಯೊ ಹಾಕಿದರೆ ಇದೇ ಹಾಡು. ಇಲ್ಲಿ ಹುಟ್ಟಿದವನು ನಾನಲ್ಲ. ಆದರೂ ಆ ಕೂಗು ಕೇಳಿದಾಗ, ಇಲ್ಲಿ ನನಗೂ ಒಂದು ಜಾಗ ಸಿಗುತ್ತದೆ ಎಂದು ಧೈರ್ಯ ಬರುತ್ತಿತ್ತು. ಅದನ್ನು ಸುಳ್ಳು ಎನ್ನಬೇಡ" ಎಂದರು. ಸುಳ್ಳು ಎನ್ನಲು ನನಗೆ ಸಾಧ್ಯವೇ ಇಲ್ಲ. ಆ ಸ್ವರಕ್ಕೆ ಆ ಶಕ್ತಿ ಇದೆ, ಮತ್ತು ಅದನ್ನು ಕಟ್ಟಿದವರು ಬೇಕೆಂದೇ ಹಾಗೆ ಕಟ್ಟಿದ್ದಾರೆ. 1982ರಲ್ಲಿ ಇದೇ ಹಾಡನ್ನು ಗಿಟಾರ್ ಒಂದನ್ನೇ ಹಿಡಿದು ಮಂಕಾದ ದನಿಯಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಆ ರೂಪವನ್ನು ಯಾವ ಪ್ರಚಾರ ಸಭೆಯೂ ಬಳಸಲಾರದು. ಅದನ್ನು ಬಿಟ್ಟು ಈ ಅಬ್ಬರವನ್ನು ಆರಿಸಿಕೊಂಡ ಮೇಲೆ ಅಬ್ಬರವೂ ಹಾಡಿನ ಅರ್ಥದ ಪಾಲುದಾರ.

ಚರಣವನ್ನು ಕೇಳದಿರುವುದು ಒಂದು ಬಗೆ. ಚರಣವನ್ನೇ ತೆಗೆದುಹಾಕಿದ ಉದಾಹರಣೆಯೂ ಇದೆ. ಅಮೆರಿಕದ ಶಾಲಾ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಹಾಡನ್ನು ಜಾನಪದ ಗಾಯಕ ವುಡಿ ಗತ್ರಿ 1940ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಬರೆದರು. ಕೇಟ್ ಸ್ಮಿತ್ ಅವರ ದನಿಯಲ್ಲಿ ರೇಡಿಯೊ ತುಂಬೆಲ್ಲ ಕೇಳಿಬರುತ್ತಿದ್ದ 'ಗಾಡ್ ಬ್ಲೆಸ್ ಅಮೆರಿಕ' ಕೇಳಿ ಕೇಳಿ ರೋಸಿಹೋಗಿ ಬರೆದ ಮರುನುಡಿ ಅದು. ಮಕ್ಕಳು ಹಾಡುವುದು ರೆಡ್‌ವುಡ್ ಕಾಡು, ವಜ್ರದಂತೆ ಹೊಳೆಯುವ ಮರಳುಗಾಡು, ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿನವರೆಗಿನ ನಾಡು. ಹಾಡದಿರುವುದು ಎರಡು ಚರಣ. ಒಂದರಲ್ಲಿ 'ಖಾಸಗಿ ಆಸ್ತಿ' ಎಂಬ ಫಲಕ ದಾರಿಗೆ ಅಡ್ಡ ಬರುತ್ತದೆ, ಫಲಕದ ಹಿಂಬದಿಯಲ್ಲಿ ಏನೂ ಬರೆದಿಲ್ಲ, ಆ ಬದಿ ನಮ್ಮದು ಎನ್ನುತ್ತಾನೆ ಹಾಡುವವನು. ಇನ್ನೊಂದರಲ್ಲಿ ಪರಿಹಾರ ಕಚೇರಿಯ ಮುಂದೆ ಹಸಿದು ನಿಂತ ತನ್ನ ಜನರನ್ನು ಕಂಡು, ಈ ನಾಡು ನಿಜಕ್ಕೂ ನಮ್ಮದು ಹೌದೇ ಎಂದು ಕೇಳುತ್ತಾನೆ. ಪಠ್ಯಪುಸ್ತಕಗಳಿಗೆ ಹೋಗುವಷ್ಟರಲ್ಲಿ ಈ ಎರಡೂ ಉದುರಿದ್ದವು. 2009ರ ಜನವರಿ 18ರಂದು, ಒಬಾಮ ಪ್ರಮಾಣವಚನಕ್ಕೆ ಎರಡು ದಿನ ಮೊದಲು, ಲಿಂಕನ್ ಸ್ಮಾರಕದ ಮುಂದೆ ಎಂಬತ್ತೊಂಬತ್ತರ ಜಾನಪದ ಗಾಯಕ ಪೀಟ್ ಸೀಗರ್ ಸ್ಪ್ರಿಂಗ್‌ಸ್ಟೀನ್ ಜೊತೆ ನಿಂತು ಆ ಚರಣಗಳನ್ನು ಬಿಡದೆ ಹಾಡಿಸಿದರು. ಅದರ ದೃಶ್ಯ ಈಗಲೂ ನೋಡಲು ಸಿಗುತ್ತದೆ. ಸೀಗರ್ ಸಾಲನ್ನು ಮೊದಲೇ ಹೇಳಿಕೊಟ್ಟು ಜನರಿಂದ ಹಾಡಿಸುವ ಬಗೆಯನ್ನು ನೋಡಬೇಕು.

ಹಾಡಿನ ವಿಷಯ ಬಿಟ್ಟು ಟಿ.ವಿ.ಗೆ ಬಂದರೆ, ಈ ಕುರಿತು ನಾನು ಬಲ್ಲ ಅತ್ಯಂತ ಸ್ಪಷ್ಟ ಪುರಾವೆ ಅಲ್ಲಿದೆ. 1971ರ ಜನವರಿಯಲ್ಲಿ ಸಿಬಿಎಸ್ ವಾಹಿನಿಯಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ನಾಯಕ ಆರ್ಚಿ ಬಂಕರ್, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ವಾಸಿಸುವ ಕಾರ್ಮಿಕ. ಕರಿಯರು, ಯಹೂದಿಗಳು, ಹೆಂಗಸರು ಯಾರನ್ನೂ ಬಿಡದೆ ತನ್ನ ಕುರ್ಚಿಯಲ್ಲಿ ಕುಳಿತು ಜರೆಯುವವನು. ಮನೆಯಲ್ಲೇ ಇರುವ ಉದಾರವಾದಿ ಅಳಿಯನೊಂದಿಗೆ ದಿನವೂ ಜಗಳ. ನಿರ್ಮಾಪಕ ನಾರ್ಮನ್ ಲಿಯರ್ ಅವರ ಉದ್ದೇಶ ಪೂರ್ವಗ್ರಹವನ್ನು ನಗೆಗೀಡು ಮಾಡುವುದು. ಆರ್ಚಿಯ ಪಾತ್ರ ವಹಿಸಿದ ಕ್ಯಾರಲ್ ಓಕಾನರ್ ಸ್ವತಃ ಉದಾರವಾದಿ. ಸತತ ಐದು ವರ್ಷ ಅದು ದೇಶದ ಅತಿ ಹೆಚ್ಚು ನೋಡಿದ ಧಾರಾವಾಹಿಯಾಗಿತ್ತು.

ಹಾಗಾದರೆ ಪೂರ್ವಗ್ರಹ ನಗೆಗೀಡಾಯಿತೇ? ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದರು. ಅಮೆರಿಕದ ಹದಿಹರೆಯದವರನ್ನೂ ಕೆನಡಾದ ವಯಸ್ಕರನ್ನೂ ಕೇಳಿ ನೋಡಿದ ಅಧ್ಯಯನ ಅದು. ಪೂರ್ವಗ್ರಹ ಕಡಿಮೆ ಇದ್ದವರಿಗೆ ಅದು ಆರ್ಚಿಯ ಅಣಕ. ಪೂರ್ವಗ್ರಹ ಹೆಚ್ಚಿದ್ದವರು ಆರ್ಚಿಯನ್ನೇ ಹೆಚ್ಚು ಮೆಚ್ಚಿದ್ದರು, ಕೊನೆಗೆ ಗೆಲ್ಲುವವನೂ ಅವನೇ ಎಂದು ನೋಡಿದ್ದರು. ಇಬ್ಬರೂ ನಕ್ಕದ್ದು ಒಂದೇ ದೃಶ್ಯಕ್ಕೆ. 1972ರ ಚುನಾವಣೆಯ ಹೊತ್ತಿಗೆ 'ಆರ್ಚಿ ಬಂಕರ್ ಅಧ್ಯಕ್ಷನಾಗಲಿ' ಎಂಬ ಸ್ಟಿಕರ್‌ಗಳು ಕಾರುಗಳ ಮೇಲೆ ಬಂದವು. ಇತ್ತ ಶ್ವೇತಭವನದಲ್ಲಿ ಅಧ್ಯಕ್ಷ ನಿಕ್ಸನ್ ಈ ಧಾರಾವಾಹಿಯ ಒಂದು ಕಂತು ನೋಡಿ ಕೆರಳಿದ್ದರು. ಆರ್ಚಿ ಗಂಡಸುತನದ ಮಾದರಿಯೆಂದು ಮೆಚ್ಚುವ ಗೆಳೆಯ, ಮಾಜಿ ಫುಟ್‌ಬಾಲ್ ಆಟಗಾರ, ತಾನು ಸಲಿಂಗಿ ಎಂದು ಹೇಳುವ ಕಂತು ಅದು. ಟಿ.ವಿ. ಇದನ್ನು ವೈಭವೀಕರಿಸುತ್ತಿದೆ ಎಂದು 1971ರ ಮೇ ತಿಂಗಳಿನಲ್ಲಿ ನಿಕ್ಸನ್ ತಮ್ಮ ಸಹಾಯಕರ ಮುಂದೆ ಹರಿಹಾಯ್ದದ್ದು ಅವರದೇ ಕಚೇರಿಯ ಟೇಪಿನಲ್ಲಿ ದಾಖಲಾಗಿದೆ. ಒಂದು ಮಹಾದೇಶದ ಅಧ್ಯಕ್ಷ ಯುದ್ಧದ ನಡುವೆ ಒಂದು ಹಾಸ್ಯ ಧಾರಾವಾಹಿಗೆ ಅಷ್ಟು ಹೊತ್ತು ಕೊಟ್ಟದ್ದನ್ನು ಕೆಲವರು ಕ್ಷುಲ್ಲಕವೆಂದು ನೋಡುತ್ತಾರೆ. ಜನ ಏನನ್ನು ಸಹಜವೆಂದು ಒಪ್ಪುತ್ತಾರೆ ಎಂಬುದು ಸಂಸತ್ತಿಗಿಂತ ಮೊದಲು ನಡುಮನೆಯಲ್ಲಿ ತೀರ್ಮಾನವಾಗುತ್ತದೆ ಎಂದು ನಿಕ್ಸನ್ ಅವರಿಗೆ ಚೆನ್ನಾಗಿ ತಿಳಿದಿತ್ತು ಎಂದೇ ನಾನು ಓದುತ್ತೇನೆ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಬಲಪಂಥೀಯರಿಗೆ ಮಾತ್ರ ಕಿವಿ ಮಂದ ಎಂದು ಯಾರಾದರೂ ತಿಳಿದರೆ ಅದು ಅನ್ಯಾಯ. 1992ರ ಮೇ 19ರಂದು ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ದೀರ್ಘ ಭಾಷಣ ಮಾಡಿದರು. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಬಡಿದ ಪೊಲೀಸರನ್ನು ನ್ಯಾಯಾಲಯ ದೋಷಮುಕ್ತಗೊಳಿಸಿದ ಮೇಲೆ ಲಾಸ್ ಏಂಜಲೀಸ್ ಹೊತ್ತಿ ಉರಿದು, 50ಕ್ಕೂ ಹೆಚ್ಚು ಜನ ಸತ್ತು, ಇನ್ನೂ ಮೂರು ವಾರವೂ ಆಗಿರಲಿಲ್ಲ. ಆ ಗಲಭೆಗೆ ಕಾರಣವೇನು ಎಂಬುದೇ ಭಾಷಣದ ವಿಷಯ. ಕುಟುಂಬದ ಕುಸಿತವೇ ಮೂಲ ಎಂದು ಕ್ವೇಲ್ ವಾದಿಸಿದರು. ಅದರ ನಡುವೆ ಒಂದು ವಾಕ್ಯ: ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಮರ್ಫಿ ಬ್ರೌನ್ ಎಂಬ ಪಾತ್ರ ಮದುವೆಯಿಲ್ಲದೆ ಮಗುವನ್ನು ಹೆತ್ತು, ಅದನ್ನೂ ಬದುಕಿನ ಒಂದು ಆಯ್ಕೆಯೆಂದು ಕರೆದು, ತಂದೆಯ ಮಹತ್ವವನ್ನು ಅಣಕಿಸಿದೆ ಎಂದು.

ಅದೊಂದು ವಾಕ್ಯ ಇಡೀ ಭಾಷಣವನ್ನು ನುಂಗಿತು. ಇಲ್ಲದ ಹೆಂಗಸಿನ ಇಲ್ಲದ ಮಗುವಿನ ಬಗ್ಗೆ ಇಡೀ ಬೇಸಿಗೆ ಚರ್ಚೆ ನಡೆಯಿತು. ಉಪಾಧ್ಯಕ್ಷರಿಗೆ ಕಥೆಗೂ ನಿಜಕ್ಕೂ ವ್ಯತ್ಯಾಸ ತಿಳಿಯದೆಂದು ನಕ್ಕವರು ನಕ್ಕರು. ಸೆಪ್ಟೆಂಬರ್‌ನಲ್ಲಿ ಧಾರಾವಾಹಿಯೇ ಒಂದು ಗಂಟೆಯ ಕಂತಿನಲ್ಲಿ ಅವರಿಗೆ ಉತ್ತರ ಕೊಟ್ಟಿತು. ಮರುವರ್ಷ 'ದಿ ಅಟ್ಲಾಂಟಿಕ್' ಪತ್ರಿಕೆ ಕ್ವೇಲ್ ಹೇಳಿದ್ದೇ ಸರಿ ಎಂಬ ಶೀರ್ಷಿಕೆಯ ಲೇಖನ ಪ್ರಕಟಿಸಿತು. ಭಾಷಣಕ್ಕೆ ಹತ್ತು ವರ್ಷವಾದ ಮೇಲೆ, ಮರ್ಫಿಯ ಪಾತ್ರ ವಹಿಸಿದ ಕ್ಯಾಂಡಿಸ್ ಬರ್ಗೆನ್ ಅವರೇ ಅದು ತಿಳಿವಳಿಕೆಯ ಭಾಷಣವಾಗಿತ್ತು, ತಂದೆ ಬೇಕು ಎಂಬ ಮಾತಿಗೆ ತನ್ನ ಒಪ್ಪಿಗೆಯಿದೆ ಎಂಬರ್ಥದಲ್ಲಿ ಹೇಳಿದರು.

ಕ್ವೇಲ್ ಅವರ ಕಾರಣವಿವರಣೆಯನ್ನು ನಾನು ಒಪ್ಪುವುದಿಲ್ಲ. ಪೊಲೀಸರು ಬಡಿಯುವ ದೃಶ್ಯವನ್ನು ದೇಶವೆಲ್ಲ ನೋಡಿದ ಮೇಲೂ ಅವರು ಬಿಡುಗಡೆಯಾದಾಗ ಹುಟ್ಟಿದ ಸಿಟ್ಟನ್ನು ತಂದೆಯಿಲ್ಲದ ಮನೆಗಳ ಲೆಕ್ಕಕ್ಕೆ ಬರೆಯುವುದು ನನಗೆ ಘೋರ ತಪ್ಪಾಗಿ ಕಾಣುತ್ತದೆ. ಹಾಗಿರುವುದರಿಂದಲೇ ನನಗೆ ನೋವು ಹೆಚ್ಚು. ವಾದಿಸಬೇಕಿದ್ದುದು ಅದನ್ನು. ಸುಟ್ಟುಹೋದ ಅಂಗಡಿಗಳು, ಕೊರಿಯನ್ ವ್ಯಾಪಾರಿಗಳು, ಪೊಲೀಸ್ ಇಲಾಖೆ, ಕೆಲಸವಿಲ್ಲದ ಯುವಕರು ಎಲ್ಲವೂ ಭಾಷಣದ ವಿಷಯಕ್ಕೇ ಸೇರಿದ್ದವು. ಕ್ವೇಲ್ ಅವರನ್ನು ಗೇಲಿ ಮಾಡಿದವರು ಮರ್ಫಿ ಬ್ರೌನ್ ಅನ್ನು ಕಾಪಾಡಿ ಲಾಸ್ ಏಂಜಲೀಸನ್ನು ಕೈಬಿಟ್ಟರು.

2008ರಲ್ಲಿ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ, ಅಲಾಸ್ಕಾದ ಗವರ್ನರ್ ಸೇರಾ ಪೇಲಿನ್ ಅವರಿಗೂ ಇಂತಹುದೇ ಆಯಿತು. 'ನನ್ನ ಮನೆಯಿಂದ ರಷ್ಯಾ ಕಾಣಿಸುತ್ತದೆ' ಎಂಬುದು ಅವರ ಮಾತೆಂದು ಇಂದಿಗೂ ಎಷ್ಟೋ ಜನ ನಂಬಿದ್ದಾರೆ. ಅದನ್ನು ಹೇಳಿದ್ದು 'ಸ್ಯಾಟರ್ಡೇ ನೈಟ್ ಲೈವ್' ಎಂಬ ಟಿ.ವಿ. ಹಾಸ್ಯ ಕಾರ್ಯಕ್ರಮದಲ್ಲಿ ಅವರ ವೇಷ ಹಾಕಿದ್ದ ಟೀನಾ ಫೇ. ಪೇಲಿನ್ ಹೇಳಿದ್ದು, ಅಲಾಸ್ಕಾದ ಒಂದು ದ್ವೀಪದಿಂದ ರಷ್ಯಾ ಕಾಣಿಸುತ್ತದೆ ಎಂದು. ಅದು ನಿಜ, ಲಿಟಲ್ ಡಯೋಮೀಡ್ ಮತ್ತು ರಷ್ಯಾದ ಬಿಗ್ ಡಯೋಮೀಡ್ ದ್ವೀಪಗಳ ನಡುವೆ ಇರುವುದು ಸುಮಾರು ನಾಲ್ಕು ಕಿಲೋಮೀಟರ್ ಸಮುದ್ರ. ವಿದೇಶಾಂಗ ನೀತಿಯ ಅನುಭವಕ್ಕೆ ಆ ಮಾತು ಉತ್ತರವಾಗಲಾರದು ಎಂದು ವಾದಿಸಲು ಯಾರಿಗೂ ಅಡ್ಡಿಯಿರಲಿಲ್ಲ. ಅಣಕವೇ ಸಾಕೆನಿಸಿತು.

ಇವೆಲ್ಲ ಕೇಳಿಸಿಕೊಳ್ಳುವುದರ ಕೊರತೆ. 2003ರಲ್ಲಿ ನಡೆದದ್ದು ಬೇರೆ, ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಟೆಕ್ಸಾಸಿನ ಮೂವರು ಹೆಂಗಸರ ಡಿಕ್ಸಿ ಚಿಕ್ಸ್ ಆಗ, ಹಳ್ಳಿಗಾಡಿನ ಮೂಲದ 'ಕಂಟ್ರಿ' ಸಂಗೀತದ ಅತಿ ದೊಡ್ಡ ತಂಡಗಳಲ್ಲಿ ಒಂದು. ಇರಾಕ್ ಮೇಲಿನ ದಾಳಿಗೆ ಹತ್ತು ದಿನ ಮೊದಲು, ಮಾರ್ಚ್ 10ರಂದು, ಲಂಡನ್ನಿನ ಶೆಪರ್ಡ್ಸ್ ಬುಷ್ ಸಭಾಂಗಣದಲ್ಲಿ ಗಾಯಕಿ ನ್ಯಾಟಲಿ ಮೇನ್ಸ್, ನಮಗೆ ಈ ಯುದ್ಧ ಬೇಡ, ಅಮೆರಿಕದ ಅಧ್ಯಕ್ಷ ಟೆಕ್ಸಾಸಿನವರೆಂಬುದು ನಮಗೆ ನಾಚಿಕೆ ತಂದಿದೆ ಎಂದರು. ಸುದ್ದಿ ಅಟ್ಲಾಂಟಿಕ್ ದಾಟಿತು. ಅವರ ಹಾಡು ರೇಡಿಯೊಗಳಿಂದ ಇಳಿಯಿತು. ಲೂಸಿಯಾನಾದಲ್ಲಿ ಅವರ ಸಿ.ಡಿ.ಗಳನ್ನು ರಾಶಿ ಹಾಕಿ ಟ್ರ್ಯಾಕ್ಟರ್ ಹರಿಸಿದರು. ಕೊಲೆ ಬೆದರಿಕೆಗಳು ಬಂದವು.

ಆ ವಾರ ಕಂಟ್ರಿ ಪಟ್ಟಿಯ ತುದಿಯಲ್ಲಿದ್ದ ಅವರ ಹಾಡು 'ಟ್ರ್ಯಾವಲಿನ್ ಸೋಲ್ಜರ್'. ಹದಿನೆಂಟು ತುಂಬಿ ಎರಡು ದಿನವಾದ ಹುಡುಗನೊಬ್ಬ ಸೇನೆಯ ಸಮವಸ್ತ್ರದಲ್ಲಿ ಒಂದು ಹೋಟೆಲಿಗೆ ಬರುತ್ತಾನೆ. ಅಲ್ಲಿ ಕೆಲಸ ಮಾಡುವ ಹುಡುಗಿಯ ಜೊತೆ ಒಂದು ಸಂಜೆ ಮಾತನಾಡಿ, ಪತ್ರ ಬರೆಯಲೇ ಎಂದು ಕೇಳುತ್ತಾನೆ. ವಿಯೆಟ್ನಾಮಿನಿಂದ ಪತ್ರಗಳು ಬರುತ್ತವೆ, ಆಮೇಲೆ ನಿಲ್ಲುತ್ತವೆ. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯದಲ್ಲಿ ಊರಿನ ಸತ್ತ ಸೈನಿಕರ ಪಟ್ಟಿ ಓದುತ್ತಾರೆ. ಅವನ ಹೆಸರು ಬಂದಾಗ ಯಾರೂ ಅಷ್ಟಾಗಿ ಗಮನಿಸುವುದಿಲ್ಲ, ಬ್ಯಾಂಡಿನಲ್ಲಿ ಪಿಕೊಲೊ ನುಡಿಸುವ ಆ ಹುಡುಗಿಯೊಬ್ಬಳ ಹೊರತು. ಯುದ್ಧಕ್ಕೆ ಮಕ್ಕಳನ್ನು ಕಳಿಸುತ್ತಿದ್ದ ಊರುಗಳು ಆ ತಿಂಗಳು ಕೇಳಲೇಬೇಕಾಗಿದ್ದ ಹಾಡು ಯಾವುದಾದರೂ ಇದ್ದರೆ ಅದು ಇದೇ. ಸೈನಿಕರಿಗೆ ದ್ರೋಹ ಮಾಡಿದರೆಂಬ ಆರೋಪದ ಮೇಲೆ ಸೈನಿಕನೊಬ್ಬನಿಗಾಗಿ ಅಳುವ ಹಾಡು ಕೆಲವೇ ವಾರಗಳಲ್ಲಿ ಪಟ್ಟಿಯಿಂದ ಮರೆಯಾಯಿತು.

ಇದನ್ನು ಕೇಳುಗರ ಸಿಟ್ಟು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. 1996ರ ದೂರಸಂಪರ್ಕ ಕಾಯ್ದೆಗೆ ಮೊದಲು ಒಂದು ಕಂಪನಿ ದೇಶದಲ್ಲಿ 40ಕ್ಕಿಂತ ಹೆಚ್ಚು ರೇಡಿಯೊ ಕೇಂದ್ರಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಕಾಯ್ದೆ ಆ ಮಿತಿಯನ್ನು ಕಿತ್ತುಹಾಕಿತು. 2003ರ ಹೊತ್ತಿಗೆ ಒಂದೇ ಕಂಪನಿ, ಕ್ಲಿಯರ್ ಚಾನೆಲ್, 1,200ಕ್ಕೂ ಹೆಚ್ಚು ಕೇಂದ್ರಗಳ ಒಡೆತನ ಹೊಂದಿತ್ತು. ಕ್ಯುಮುಲಸ್ ಎಂಬ ಮತ್ತೊಂದು ದೊಡ್ಡ ಕಂಪನಿ ತನ್ನ ಕಂಟ್ರಿ ಕೇಂದ್ರಗಳಿಗೆಲ್ಲ ಮೇಲಿನಿಂದ ಆದೇಶ ಕಳಿಸಿ ಈ ತಂಡದ ಹಾಡುಗಳನ್ನು ಒಂದು ತಿಂಗಳು ನಿಲ್ಲಿಸಿತು. ಆ ಜುಲೈನಲ್ಲಿ ಸೆನೆಟ್ ಸಮಿತಿಯ ಮುಂದೆ ಅದರ ಮುಖ್ಯಸ್ಥರನ್ನು ತರಾಟೆಗೆ ತೆಗೆದುಕೊಂಡವರು ಜಾನ್ ಮೆಕೇನ್, ಇರಾಕ್ ಯುದ್ಧದ ಕಟ್ಟಾ ಬೆಂಬಲಿಗ ರಿಪಬ್ಲಿಕನ್. ಆ ಗಾಯಕಿಯ ಮಾತು ತನಗೂ ಹಿಡಿಸದಿದ್ದರೂ, ಸ್ಥಳೀಯ ಕೇಂದ್ರದವರು ತಾವೇ ತೀರ್ಮಾನಿಸುವುದು ಬೇರೆ, ಕೇಂದ್ರ ಕಚೇರಿಯೊಂದು ಎಲ್ಲರಿಗೂ ತೀರ್ಮಾನಿಸುವುದು ಬೇರೆ ಎಂಬುದು ಅವರ ನಿಲುವು. ವಾಕ್ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಕಂಪನಿಯನ್ನಲ್ಲ. ಸೆನೆಟರ್ ಮುಟ್ಟಿ ತೋರಿಸಿದ್ದು ಆ ಬಿರುಕನ್ನು. ನನ್ನ ಗೌರವ ಅವರಿಗೆ ಸಲ್ಲುತ್ತದೆ. ತನ್ನ ಪಕ್ಷಕ್ಕೆ ಲಾಭವಿಲ್ಲದ ಕಡೆ ಕಿವಿಗೊಟ್ಟವರು ಅಪರೂಪ. 2007ರಲ್ಲಿ ಆ ತಂಡಕ್ಕೆ ಐದು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳು ಬಂದವು. ಕಂಟ್ರಿ ರೇಡಿಯೊ ಮಾತ್ರ ಮೊದಲಿನಂತೆ ಮರಳಿ ತೆರೆಯಲಿಲ್ಲ.

ಪ್ರಚಾರ ಸಭೆಗಳ ಹಾಡಿನ ತಗಾದೆಗೆ ಹೆಚ್ಚು ಜಾಗ ಕೊಡಲಾರೆ. ಸಂಗೀತ ಹಕ್ಕುಗಳ ಸಂಘಗಳಿಂದ ಒಟ್ಟಾರೆ ಪರವಾನಗಿ ಪಡೆದು ಅಭ್ಯರ್ಥಿಗಳು ಹಾಡು ಹಾಕುತ್ತಾರೆ, ಕಲಾವಿದರು ಆಕ್ಷೇಪಿಸುತ್ತಾರೆ, ಪ್ರತಿ ಚುನಾವಣೆಯಲ್ಲಿಯೂ ಇದು ಇದ್ದದ್ದೇ. ಒಂದನ್ನು ಮಾತ್ರ ಹೇಳಬೇಕು. 2020ರಲ್ಲಿ ಟ್ರಂಪ್ ಸಭೆಯಲ್ಲಿ ಹಾಕಿದ 'ಫಾರ್ಚುನೇಟ್ ಸನ್' 1969ರ ಹಾಡು, ಸಿರಿವಂತರ ಮಕ್ಕಳು ಸೇನಾ ಭರ್ತಿಯಿಂದ ತಪ್ಪಿಸಿಕೊಂಡು ಬಡವರ ಮಕ್ಕಳು ಸಾಯಲು ಹೋದದ್ದರ ವಿರುದ್ಧ ಬರೆದದ್ದು. ಟ್ರಂಪ್ ಅವರಿಗೆ ವಿಯೆಟ್ನಾಂ ಕಾಲದಲ್ಲಿ ಐದು ಬಾರಿ ವಿನಾಯಿತಿ ಸಿಕ್ಕಿತ್ತು, ಕೊನೆಯದು ಹಿಮ್ಮಡಿಯ ಮೂಳೆಯ ತೊಂದರೆಗೆ. ಹಾಡು ಬರೆದ ಜಾನ್ ಫೋಗರ್ಟಿ ನಿಲ್ಲಿಸುವಂತೆ ನೋಟಿಸ್ ಕಳಿಸಿದರು.

ಈಚಿನ ಜಗಳಕ್ಕೆ ಬರೋಣ. 2025ರ ಸೆಪ್ಟೆಂಬರ್ ಕೊನೆಗೆ, 2026ರ ಫೆಬ್ರುವರಿಯ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್ ಪಂದ್ಯದ ಮಧ್ಯಂತರದಲ್ಲಿ ಹಾಡುವವರು ಬ್ಯಾಡ್ ಬನಿ ಎಂದು ಘೋಷಣೆಯಾಯಿತು. ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರು, ಹಾಡುವುದು ಸ್ಪ್ಯಾನಿಷ್‌ನಲ್ಲಿ. ಆ ಗಾಯಕರ ಹೆಸರೇ ಕೇಳಿಲ್ಲವೆಂದು ಟ್ರಂಪ್ ಹೇಳಿದರು. ಅಮೆರಿಕದ ಹಬ್ಬದಂತಹ ಪಂದ್ಯದಲ್ಲಿ ಪರಭಾಷೆಯೇ, ವಿದೇಶಿಯೇ ಎಂದು ಒಂದು ಕಡೆ. ಪೋರ್ಟೊ ರಿಕೊದವರು 1917ರಿಂದಲೇ ಅಮೆರಿಕದ ಪ್ರಜೆಗಳು ಎಂದು ಇನ್ನೊಂದು ಕಡೆ. ಎರಡನೆಯವರ ಮಾತು ನಿಜ. ಅಷ್ಟನ್ನು ಹೇಳಿ ಗೆದ್ದೆವೆಂದು ಅವರೂ ಎದ್ದು ಹೋದರು. ಆ ಪ್ರಜೆಗಳು ದ್ವೀಪದಲ್ಲಿ ವಾಸವಿರುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ಸಂಸತ್ತಿನಲ್ಲಿ ಅವರ ಪ್ರತಿನಿಧಿಗೆ ಮತದ ಹಕ್ಕಿಲ್ಲ ಎಂಬುದನ್ನು ಎಷ್ಟು ಜನ ಮುಂದುವರಿಸಿ ಹೇಳಿದರು?

ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಬ್ಯಾಡ್ ಬನಿ ಅವರ 2025ರ ಆಲ್ಬಂನಲ್ಲಿ ಹವಾಯಿಯ ಹೆಸರಿರುವ ಒಂದು ಹಾಡಿದೆ. ಪೋರ್ಟೊ ರಿಕೊದ ಪೊನ್ಸೆ ಪಟ್ಟಣದಿಂದ ಬಂದ ಸಹೋದ್ಯೋಗಿಯೊಬ್ಬರನ್ನು ಕಾಡಿ ಅದರ ಅರ್ಥ ಹೇಳಿಸಿಕೊಂಡೆ. ಊಟದ ವಿರಾಮದಲ್ಲಿ ಫೋನಿನಲ್ಲಿ ಹಾಡು ಹಾಕಿ, ಸಾಲಿಗೊಮ್ಮೆ ನಿಲ್ಲಿಸಿ ಹೇಳಿದರು. ನಮ್ಮ ನದಿ ಬೇಕಂತೆ ಅವರಿಗೆ, ಕಡಲತೀರವೂ ಬೇಕಂತೆ. ನಮ್ಮ ಕೇರಿ ಬೇಕು, ಅಜ್ಜಿ ಮಾತ್ರ ಹೊರಡಬೇಕು. ಬಾವುಟವನ್ನು ಕೈಬಿಡಬೇಡ. ಹವಾಯಿಗೆ ಆದದ್ದು ನಿನಗೆ ಆಗದಿರಲಿ. ಬಾವುಟದ ಸಾಲು ಬಂದಾಗ ಅವರು ಹಾಡು ನಿಲ್ಲಿಸಿ ಇನ್ನೊಂದು ವಿಷಯ ತಿಳಿಸಿದರು: 1948ರಿಂದ 1957ರವರೆಗೆ ಆ ಬಾವುಟವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಿತ್ತು. 2017ರ ಸೆಪ್ಟೆಂಬರ್‌ನ ಮರಿಯಾ ಚಂಡಮಾರುತದ ಬಗ್ಗೆಯೂ ಮಾತು ಬಂತು. ಮೊದಲು 64 ಎಂದಿದ್ದ ಸಾವಿನ ಸಂಖ್ಯೆಯನ್ನು ಸರ್ಕಾರ ಮರುವರ್ಷ 2,975ಕ್ಕೆ ಏರಿಸಿತು. ದ್ವೀಪದ ಕೆಲವು ಭಾಗಗಳಿಗೆ ವಿದ್ಯುತ್ ಮರಳಲು ಸುಮಾರು ಒಂದು ವರ್ಷ ಹಿಡಿಯಿತು.

ಹಾಡನ್ನು ಅಷ್ಟು ಪ್ರೀತಿಯಿಂದ ಬಿಡಿಸಿ ಹೇಳಿದ ಮೇಲೆ ಅವರು, ಇದನ್ನು ತಾನು ಒಪ್ಪುವುದಿಲ್ಲ ಎಂದರು. ನನಗೆ ಅಚ್ಚರಿಯಾಯಿತು. ಪೋರ್ಟೊ ರಿಕೊ ಅಮೆರಿಕದ 51ನೆಯ ರಾಜ್ಯವಾಗಬೇಕು ಎನ್ನುವವರು ಅವರು. "ಹವಾಯಿ 1959ರಲ್ಲಿ ರಾಜ್ಯವಾಯಿತು, ಅವರಿಗೆ ಇಬ್ಬರು ಸೆನೆಟರ್‌ಗಳಿದ್ದಾರೆ. ನಮಗೂ ಇಬ್ಬರಿದ್ದಿದ್ದರೆ ನನ್ನ ತಾಯಿ ಅಷ್ಟು ತಿಂಗಳು ಕತ್ತಲಲ್ಲಿ ಕೂರಬೇಕಾಗಿರಲಿಲ್ಲ" ಎಂದರು. ರಾಜ್ಯವಾದ ಮೇಲೂ ಹವಾಯಿಯ ಮೂಲನಿವಾಸಿಗಳು ತಮ್ಮ ನೆಲದಲ್ಲಿ ಮನೆ ಕೊಳ್ಳಲಾರದೆ ಹೊರಗೆ ಹೋಗುತ್ತಿದ್ದಾರಲ್ಲ, ಹಾಡು ಹೇಳುವುದು ಅದನ್ನೇ ಅಲ್ಲವೇ ಎಂದು ನಾನು ಕೇಳಿದೆ. ರಾಜ್ಯವಾಗದಿದ್ದರೂ ತಮ್ಮವರು ಹೊರಗೇ ಬಂದಿದ್ದಾರೆ, ತಾನೇ ಇಲ್ಲಿ ಕುಳಿತಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ತೆರಿಗೆ ರಿಯಾಯಿತಿಗೆಂದು ಅಲ್ಲಿಗೆ ಹೋಗಿ ಕಡಲತೀರದ ಮನೆ ಕೊಳ್ಳುವ ಸಿರಿವಂತರ ವಿಷಯಕ್ಕೆ ಬಂದಾಗ ಮಾತ್ರ ಅವರೂ ಹಾಡಿನ ಕಡೆಗೆ ಸರಿದರು. ವಿರಾಮ ಮುಗಿದಿತ್ತು, ಇಬ್ಬರೂ ಒಪ್ಪಿರಲಿಲ್ಲ, ಮುಂದಿನ ವಾರ ಅದೇ ಆಲ್ಬಂನ ಇನ್ನೊಂದು ಹಾಡನ್ನು ಬಿಡಿಸಿ ಹೇಳುವುದಾಗಿ ಅವರು ಒಪ್ಪಿಕೊಂಡಿದ್ದಾರೆ.